ರತ್ನಕ್ಕ ತುಂಬಿದ ಕಾಲಂ

ರತ್ನಕ್ಕನಿಗೆ ಇದ್ದ ಅಹಂಕಾರ ಒಂದೇ. ಅವಳ ಕೈಯಿಂದ ಹೋದ ಅರ್ಜಿ ಯಾವತ್ತೂ ವಾಪಸ್ ಬಂದಿರಲಿಲ್ಲ.

ಯಶವಂತಪುರದ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದವಳು. ಮಕ್ಕಳ ವರ್ಗಾವಣೆ ಪತ್ರ, ಜಾತಿ ಸರ್ಟಿಫಿಕೇಟಿನ ಅರ್ಜಿ, ವಿದ್ಯಾರ್ಥಿವೇತನ, ಮೇಷ್ಟ್ರುಗಳ ಪಿಂಚಣಿ, ಏನೇ ಇರಲಿ, ಅವಳು ತುಂಬಿದ ಕಾಗದವನ್ನು ಮೇಲಿನ ಆಫೀಸಿನವರು ತಿರುಗಿಸಿಯೂ ನೋಡದೆ ಮುಂದಕ್ಕೆ ತಳ್ಳುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠವೂ ಅದೇ. ನೀವು ಒಂದು ಕಾಲಂ ಖಾಲಿ ಬಿಟ್ಟರೆ ಯಾರೋ ಒಬ್ಬ ಕೂಲಿಯವನು ಒಂದು ದಿನದ ಕೆಲಸ ಬಿಟ್ಟು ಇನ್ನೊಂದು ಸಲ ಬಸ್ ಹತ್ತಬೇಕಾಗುತ್ತೆ, ನೆನಪಿರಲಿ ಅನ್ನುತ್ತಿದ್ದಳು.

ನಿವೃತ್ತಿಯಾದ ಮೇಲೆ ಯಲಹಂಕ ಹಳೇ ಪಟ್ಟಣದ ಎರಡು ಕೋಣೆಯ ಮನೆಯಲ್ಲಿ ಟಿವಿ ಮುಂದೆ ಕೂರುವ ಜಾಯಮಾನ ಅವಳದಲ್ಲ. ಪೇಪರಿನಲ್ಲಿ ಪ್ರಕಟಣೆ ನೋಡಿ ಕಾನೂನು ನೆರವಿನ ಸ್ವಯಂಸೇವಕರ ತರಬೇತಿಗೆ ಹೋದಳು. ಮೊಮ್ಮಕ್ಕಳ ವಯಸ್ಸಿನವರ ನಡುವೆ ಮುಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆದಳು. ಕೊನೆಗೆ ನೀಲಿ ದಾರದ ಗುರುತಿನ ಕಾರ್ಡು ಕೊರಳಿಗೆ ಬಂತು. ಸಂಬಳವಿಲ್ಲದ ಆ ಕೆಲಸಕ್ಕೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಡುತ್ತಿದ್ದಳು.

ಅವಳ ಪಾಲಿಗೆ ಬಂದದ್ದು ಹೆತ್ತವರಿಲ್ಲದೆ ಬೇರೆಯವರ ಮನೆಯಲ್ಲಿ ಬೆಳೆಯುವ ಮಕ್ಕಳು. ಸರ್ಕಾರ ಇದಕ್ಕೆ ಪೋಷಕತ್ವ ಅನ್ನುತ್ತದೆ. ದತ್ತು ಬೇರೆ, ಇದು ಬೇರೆ. ಮಗು ಆ ಮನೆಯಲ್ಲಿ ಉಣ್ಣುತ್ತದೆ, ಮಲಗುತ್ತದೆ, ಅಲ್ಲಿಂದಲೇ ಶಾಲೆಗೆ ಹೋಗುತ್ತದೆ. ಆದರೆ ಕಾಗದದಲ್ಲಿ ಹೆತ್ತವರ ಹೆಸರು ಹಾಗೇ ಉಳಿಯಬೇಕು. ಮಕ್ಕಳ ಕಲ್ಯಾಣ ಸಮಿತಿ ವರ್ಷಕ್ಕೊಮ್ಮೆ ಫೈಲು ತೆರೆದು, ಮಗು ಅಲ್ಲೇ ಇರಲೋ ಬೇಡವೋ ಎಂದು ತೀರ್ಮಾನ ಮಾಡುತ್ತದೆ.

ಈ ಮಕ್ಕಳಿಂದ ನಾವು ಕೇಳುವ ಕಾಗದ ನೋಡಿದರೆ ಹೊಟ್ಟೆ ಉರಿಯುತ್ತದೆ. ಅಪ್ಪ ಅಮ್ಮ ಇರುವ ಮಗುವಿಗೆ ಒಂದು ಕಾಗದ ಸಾಕಾದ ಕಡೆ ಇವರು ಐದು ತರಬೇಕು. ನಮ್ಮ ಅಪ್ಪ ಅಮ್ಮ ಇಲ್ಲ ಎಂದು ಅಪ್ಪ ಅಮ್ಮನೇ ಬಂದು ಸಹಿ ಹಾಕಬೇಕು ಅನ್ನುವ ಹಾಗಿರುತ್ತವೆ ಕೆಲವು ಫಾರಂಗಳು. ಅವನ್ನು ಮಾಡಿದ ಮಹಾನುಭಾವರಿಗೆ ಮನೆ ಅಂದರೆ ಅವರ ಮನೆಯೊಂದೇ ಗೊತ್ತು.

ಭಾಗ್ಯಶ್ರೀಗೆ ಎಂಟು ವರ್ಷ. ಅವಳ ತಾಯಿ ದಾನವ್ವ ಮುದ್ದೇಬಿಹಾಳದ ಕಡೆಯವಳು, ಒಂದು ಕಾಲೇಜು ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೋಗಿಲಿನಲ್ಲಿ ನಾರಾಯಣಮ್ಮನ ವಠಾರದ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದಳು. ಗಂಡ ಸಂಗಮೇಶ ಮಗು ಹುಟ್ಟುವ ಮೊದಲೇ ಎತ್ತಲೋ ಹೋದವನು, ಹುಡುಕಿದರೂ ಸಿಗಲಿಲ್ಲ. ಎರಡು ವರ್ಷದ ಹಿಂದೆ ಕಾಮಾಲೆ ವಿಪರೀತಕ್ಕೆ ಹೋಗಿ ದಾನವ್ವ ತೀರಿಕೊಂಡಳು. ಊರ ಕಡೆಯಿಂದ ಯಾರೂ ಬರಲಿಲ್ಲ. ನಾರಾಯಣಮ್ಮ ಎರಡು ಸೀಮೆಹಸು ಕಟ್ಟಿಕೊಂಡು ಹಾಲು ಹಾಕುವವಳು, ವಯಸ್ಸು ಐವತ್ತು ದಾಟಿದೆ, ಮಕ್ಕಳಿಲ್ಲ. ಆವತ್ತು ಮಗುವನ್ನು ಒಳಗೆ ಕರೆದು ಅನ್ನ ಇಕ್ಕಿದಳು. ಆಮೇಲೆ ಹೊರಗೆ ಕಳಿಸಲಿಲ್ಲ. ಅವಳೂ ಗಂಡ ಮುನಿವೆಂಕಟಯ್ಯನೂ ಸಮಿತಿಯ ಮುಂದೆ ನಿಂತರು. ಅಧಿಕಾರಿಗಳು ಬಂದು ಮನೆ ನೋಡಿದರು, ಅಕ್ಕಪಕ್ಕದವರನ್ನು ವಿಚಾರಿಸಿದರು, ಕೊನೆಗೆ ಆದೇಶವಾಯಿತು. ಅದಕ್ಕೆ ಬೇಕಾದ ಕಾಗದವನ್ನೆಲ್ಲ ತುಂಬಿದವಳು ರತ್ನಕ್ಕ. ಒಂದೂ ವಾಪಸ್ ಬರಲಿಲ್ಲ.

ಎಡವಟ್ಟಾದದ್ದು ಆಮೇಲೆ, ಮಗುವನ್ನು ಕೋಗಿಲಿನ ಹತ್ತಿರದ ಶಾಲೆಗೆ ಸೇರಿಸುವಾಗ. ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕು, ಅವತ್ತೇ ಕೊನೆಯ ದಿನ. ರತ್ನಕ್ಕ, ನಾರಾಯಣಮ್ಮ, ಮಗು ಮೂವರೂ ಗಯಾಸನ ಝೆರಾಕ್ಸ್ ಅಂಗಡಿಯಲ್ಲಿ ಕೂತಿದ್ದರು. ಬೆನ್ನ ಹಿಂದೆ ಹತ್ತಾರು ಜನ. ತಂದೆಯ ಹೆಸರಿಗೆ ಸಂಗಮೇಶ ಅಂತ ಹಾಕಿದಾಗ ಕಂಪ್ಯೂಟರು ಚಕಾರ ಎತ್ತಲಿಲ್ಲ. ಓಡಿಹೋದವನನ್ನು ಅದು ಮರ್ಯಾದೆಯಿಂದ ಒಪ್ಪಿಕೊಂಡಿತು. ಒಪ್ಪದೇ ಹೋದದ್ದು ಸತ್ತವಳನ್ನು. ತಾಯಿಯ ಹೆಸರಿನ ಪಕ್ಕದಲ್ಲೇ ತಾಯಿಯ ಮೊಬೈಲ್ ನಂಬರು, ಎರಡಕ್ಕೂ ಕೆಂಪು ಚುಕ್ಕಿ, ನಂಬರು ಅದೇ ಹೆಸರಿನಲ್ಲೇ ಇರಬೇಕು, ಅದಕ್ಕೆ ಬರುವ ಓಟಿಪಿ ಹಾಕದೆ ಮುಂದಿನ ಪುಟ ತೆರೆಯದು. ದಾನವ್ವನ ನಂಬರು ಯಾವತ್ತೋ ಬೇರೆ ಯಾರದೋ ಪಾಲಾಗಿತ್ತು.

ಗಯಾಸ್ ಕೈ ಚೆಲ್ಲಿ ಕೂತ. "ಅಕ್ಕ, ಅಲ್ಲಿ ಮೇಲಕ್ಕೆ, ದೇವರ ಹತ್ರಕ್ಕೆ ನೆಟ್‌ವರ್ಕ್ ಇಲ್ಲ. ಏನ್ ಮಾಡೋದು ಹೇಳಿ."

ಶಾಲೆಗೆ ಹೋಗಿ ಕೇಳಬಹುದಿತ್ತು. ಆದೇಶದ ಪ್ರತಿ ತೋರಿಸಿ, ಈ ಕಾಲಂ ನಾನು ತುಂಬಲ್ಲ, ನೀವೇ ದಾರಿ ಹೇಳಿ ಎಂದು ಕೂತುಬಿಡಬಹುದಿತ್ತು. ಬೇರೆ ಯಾರಾದರೂ ಹಾಗೇ ಮಾಡುತ್ತಿದ್ದರೇನೋ. ಮೂವತ್ತೊಂದು ವರ್ಷ ಕಾಲಂ ತುಂಬಿದ ಕೈ ಕೇಳಲಿಲ್ಲ. ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು ರತ್ನಕ್ಕ ತಾನೇ ಟೈಪ್ ಮಾಡಿದಳು: ನಾರಾಯಣಮ್ಮ. ಓಟಿಪಿ ನಾರಾಯಣಮ್ಮನ ಫೋನಿಗೆ ಬಂತು. ಅರ್ಜಿ ಸ್ವೀಕರಿಸಲಾಗಿದೆ ಎಂದು ಹಸಿರು ಅಕ್ಷರ ಮೂಡಿತು. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಹುಡುಗಿ ಪರದೆಯ ಮೇಲಿನ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು.

ವರ್ಷ ತುಂಬಿದಾಗ ಫೈಲು ತೆರೆಯಿತು. ಶಾಲೆಗೆ ಹೋದ ಅಧಿಕಾರಿ ದಾಖಲೆ ನೋಡಿ ವರದಿ ಬರೆದ: ತಾಯಿಯ ಹೆಸರು, ನಾರಾಯಣಮ್ಮ. ಮಗುವನ್ನು ಸಾಕಲು ತೆಗೆದುಕೊಂಡು ಸದ್ದಿಲ್ಲದೆ ತಮ್ಮದು ಮಾಡಿಕೊಳ್ಳುವವರನ್ನು ಸಮಿತಿ ಹಿಂದೆಯೂ ಕಂಡಿತ್ತು. ಹೆತ್ತವಳ ಹೆಸರನ್ನೇ ಅಳಿಸಿದ ಮನೆಯಲ್ಲಿ ಮಗುವನ್ನು ಏಕೆ ಬಿಡಬೇಕು, ಬಾಲಮಂದಿರಕ್ಕೆ ಏಕೆ ಕಳಿಸಬಾರದು ಎಂದು ಕೇಳಿ ನೋಟಿಸು ಬಂತು. ಉತ್ತರಕ್ಕೆ ಹದಿನೈದು ದಿನದ ಗಡುವು.

ಇಂಥ ಮಕ್ಕಳ ಪರವಾಗಿ ಫೀಸಿಲ್ಲದೆ ವಾದಿಸುವ ವಕೀಲೆ ಸಂಯುಕ್ತಾ ರತ್ನಕ್ಕ, ನಾರಾಯಣಮ್ಮ ಇಬ್ಬರನ್ನೂ ಆರ್‌.ಟಿ. ನಗರದ ತನ್ನ ಆಫೀಸಿಗೆ ಕರೆಸಿದಳು. ನಾರಾಯಣಮ್ಮ ಹಾಲು ಹಾಕಿ ನೇರವಾಗಿ ಬಂದಿದ್ದಳು, ಸೆರಗಿಗೆ ಹಿಂಡಿಯ ವಾಸನೆ. ವಿಷಯ ಅರ್ಥವಾದ ಕೂಡಲೇ ಅವಳು ತನಗೆ ತೋಚಿದ ದಾರಿ ಹೇಳಿದಳು.

"ನಾನೇ ಇಂಗ್ ಬರೆಸ್ದೆ ಅಂತ ಏಳ್ಬುಡ್ತೀನಿ ಕಣಕ್ಕಾ. ನಂಗೇನು, ಬೈದ್ರೆ ಬೈಸ್ಕೊಂಡ್ ಬತ್ತೀನಿ. ನಿಮ್ ಕಾರ್ಡ್ ಕಿತ್ಕೊಂಡ್ರೆ ಮಿಕ್ಕಿದ್ ಮಕ್ಳಿಗೆ ಯಾರವ್ರೆ?"

"ನೀವು ಹಾಗಂದ್ರೆ ಕಥೆ ಮುಗೀತು ಅಮ್ಮ, ಅವರ ಅನುಮಾನಾನೇ ಅದು" ಎಂದಳು ಸಂಯುಕ್ತಾ. ಆಮೇಲೆ ರತ್ನಕ್ಕನ ಕಡೆ ತಿರುಗಿ, ದನಿ ತಗ್ಗಿಸಿ, "ಯಾರು ಟೈಪ್ ಮಾಡಿದ್ದು ಅಂತ ಅರ್ಜೀಲಿ ಎಲ್ಲೂ ಇಲ್ಲ ರತ್ನಕ್ಕ. ನಾನು ನಿಮ್ಮನ್ನ ಏನೂ ಕೇಳಲ್ಲ. ಹೇಳಿದ್ರೆ ನಿಮ್ಮ ಕಾರ್ಡ್ ಉಳಿಯೋದು ಕಷ್ಟ, ಅಷ್ಟು ಗೊತ್ತಿರಲಿ" ಎಂದಳು.

ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತ ಬಸ್ಸಿನೊಳಗೆ ಕೂತು ರತ್ನಕ್ಕ ಲೆಕ್ಕ ಹಾಕಿದಳು. ಅವಳ ಕೈಯಲ್ಲಿ ಇನ್ನೂ ಹನ್ನೊಂದು ಮಕ್ಕಳಿದ್ದರು. ಒಬ್ಬನಿಗೆ ಆಧಾರ್ ಇಲ್ಲ, ಒಬ್ಬಳಿಗೆ ಹುಟ್ಟಿದ ದಿನದ ದಾಖಲೆಯೇ ಇಲ್ಲ. ಕಾರ್ಡಿಲ್ಲದೆ ಹೋದರೆ ಯಾವ ಆಫೀಸಿನ ಹೊಸ್ತಿಲು ದಾಟುವುದು? ಅಂಗಡಿಯವನ ಟೈಪಿಂಗ್ ತಪ್ಪು ಅಂದುಬಿಟ್ಟರೆ? ಎಲ್ಲರೂ ಉಳಿಯುತ್ತಾರೆ. ಗಯಾಸನನ್ನು ಯಾರೂ ಗಲ್ಲಿಗೆ ಹಾಕುವುದಿಲ್ಲ. ಆದರೆ ಆ ಮಾತು ಅವಳಿಗೆ ಹೊಸದಾಗಿರಲಿಲ್ಲ. ದೊಡ್ಡವರು ಮಾಡಿದ ತಪ್ಪನ್ನೆಲ್ಲ ಟೈಪ್ ಮಾಡಿದವರ ತಲೆಗೆ ಕಟ್ಟುವುದು ಈ ನಾಡಿನ ಆಫೀಸುಗಳ ಹಳೇ ಚಾಳಿ. ತನ್ನ ಹೆಡ್‌ಮಾಸ್ಟರರು ಅದನ್ನೇ ಹೇಳಿ ಎರಡು ಸಲ ಅವಳಿಗೆ ನೋಟಿಸು ಕೊಡಿಸಿದ್ದರು.

ಆದರೂ ಮನಸ್ಸು ಗಟ್ಟಿಯಾಗಲಿಲ್ಲ. ಗಟ್ಟಿ ಮಾಡಿದ್ದು ಮಗುವೇ.

ಭಾನುವಾರ ಬೆಳಿಗ್ಗೆ ನೋಟಿಸಿನ ಉತ್ತರಕ್ಕೆ ಸಹಿ ಹಾಕಿಸಲೆಂದು ಕೋಗಿಲಿಗೆ ಹೋದಾಗ ಭಾಗ್ಯಶ್ರೀ ಹಸುವಿನ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಹೋಂವರ್ಕ್ ಬರೆಯುತ್ತಿದ್ದಳು. ಶಾಲೆಯವರು ಕೊಟ್ಟ ಡೈರಿಯ ಮೊದಲ ಪುಟದಲ್ಲಿ ತಾಯಿಯ ಹೆಸರು ನಾರಾಯಣಮ್ಮ ಎಂದು ಅಚ್ಚಾಗಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ ದಾನವ್ವ ಎಂದಿತ್ತು. ಅಳಿಸಿ, ಮತ್ತೆ ಬರೆದು, ಅಳಿಸಿ, ಮತ್ತೆ ಬರೆದು ಕಾಗದ ಸವೆದು ಆಚೆ ಪುಟ ಕಾಣುತ್ತಿತ್ತು. ಇದೇನು ಪುಟ್ಟಿ ಎಂದು ರತ್ನಕ್ಕ ಕೇಳಿದಳು.

"ಮಿಸ್ಸು ಅಳಸು ಅಂದ್ರು. ಅಳಸಿದ್ನಿ" ಎಂದಳು ಹುಡುಗಿ, ತಲೆ ಎತ್ತದೆ. "ಮತ್ತ ಬರದ್ನಿ."

ಒಳಗಿನಿಂದ ಕಾಫಿ ತಂದ ನಾರಾಯಣಮ್ಮ ಡೈರಿ ಇಣುಕಿದಳು. ಅವಳಿಗೆ ಓದಲು ಬರುವುದಿಲ್ಲ. ತನ್ನ ಹೆಸರಿನ ಕೆಳಗೆ ಮಗು ಯಾರ ಹೆಸರು ಬರೆದಿದೆ ಎಂದು ತಿಳಿದಾಗ ಮುಖ ಸಣ್ಣದಾಗುತ್ತದೇನೋ ಎಂದು ರತ್ನಕ್ಕ ಹೆದರಿದಳು. ಹುಡುಗಿಯೇ ಓದಿ ಹೇಳಿದಳು. ನಾರಾಯಣಮ್ಮ ಕಾಫಿ ಲೋಟ ಕೆಳಗಿಟ್ಟು, ಆ ಸವೆದ ಕಾಗದದ ಮೇಲೆ ಬೆರಳಾಡಿಸಿದಳು. "ನಮ್ ದಾನವ್ವ ಇಲ್ಲೇ ಅವ್ಳೆ" ಅಂದಳು ಅಷ್ಟೇ.

ಅರ್ಜಿ ವಾಪಸ್ ಬರಬಾರದೆಂಬ ಹಟಕ್ಕೆ ಒಬ್ಬ ಹೆಂಗಸನ್ನು ಅಳಿಸಿದ್ದೆ ಎಂದು ರತ್ನಕ್ಕನಿಗೆ ಅರಿವಾದದ್ದು ಆ ಜಗಲಿಯ ಮೇಲೆ. ರೊಟ್ಟಿ ಬಡಿದು ಮಗು ಸಾಕಿದವಳು ಈ ಊರಿನಲ್ಲಿ ಬಿಟ್ಟುಹೋದದ್ದು ಆ ಮಗು ಮತ್ತು ತನ್ನ ಹೆಸರು, ಎರಡೇ.

ವಿಚಾರಣೆಯ ದಿನ ರತ್ನಕ್ಕ ಎರಡು ಪುಟದ ಹೇಳಿಕೆಯನ್ನು ತನ್ನ ದುಂಡು ಅಕ್ಷರದಲ್ಲಿ ಬರೆದು ತಂದಿದ್ದಳು. ಸಮಿತಿಯ ಅಧ್ಯಕ್ಷೆ ನಡುವಯಸ್ಸಿನ, ಹೆಚ್ಚು ಮಾತಾಡದ ಹೆಂಗಸು. ಎರಡೂ ಪುಟ ಓದಿ ಮುಗಿಸಿ ತಲೆ ಎತ್ತಿದರು.

"ಮಗುವಿನ ತಾಯಿ ಹೆಸರು ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಮೇಡಂ. ಮರಣ ಪ್ರಮಾಣಪತ್ರ ನನ್ನ ಬ್ಯಾಗಲ್ಲೇ ಇತ್ತು."

"ಮತ್ತೆ?"

"ಕಾಲಂ ಖಾಲಿ ಬಿಟ್ಟು ಅಭ್ಯಾಸ ಇಲ್ಲ ಮೇಡಂ. ಅಷ್ಟೇ. ಈ ಗಂಡ ಹೆಂಡ್ತಿದು ಇದರಲ್ಲಿ ಏನೂ ಇಲ್ಲ. ಆಯಮ್ಮಂಗೆ ಓದೋಕೆ ಬರಲ್ಲ, ನಾನು ಓಟಿಪಿ ಕೇಳಿದೆ, ಹೇಳಿದ್ರು."

ಅಧ್ಯಕ್ಷೆ ಡೈರಿಯ ಪುಟ ನೋಡಿದರು. ಹುಡುಗಿಯನ್ನು ಒಬ್ಬಳನ್ನೇ ಒಳಗೆ ಕರೆದು ಕಾಲು ಗಂಟೆ ಮಾತಾಡಿಸಿದರು. ಹೊರಗೆ ಬೆಂಚಿನ ಮೇಲೆ ಮುನಿವೆಂಕಟಯ್ಯ ಟವಲು ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ ಕೂತಿದ್ದ. ಕಾಲು ಗಂಟೆಯಾದ ಮೇಲೆ ಬಾಗಿಲು ತೆರೆಯಿತು. ಹುಡುಗಿ ಓಡಿಬಂದು ನಾರಾಯಣಮ್ಮನ ತೊಡೆಗೆ ಒರಗಿ, ಅಮ್ಮ, ನೀರು ಕೊಡು ಅಂದಳು.

ಆದೇಶ ಸಂಜೆಯೊಳಗೆ ಕೈಗೆ ಬಂತು. ಮಗು ಅದೇ ಮನೆಯಲ್ಲಿ ಇರಲಿ. ಶಾಲೆಯ ದಾಖಲೆ ಒಂದು ತಿಂಗಳಲ್ಲಿ ತಿದ್ದಿಸಬೇಕು. ತಿಳಿದೂ ತಪ್ಪು ವಿವರ ತುಂಬಿದ ಸ್ವಯಂಸೇವಕಿಯ ಬಗ್ಗೆ ಸಂಬಂಧಪಟ್ಟವರಿಗೆ ಬರೆಯಲಾಗಿದೆ. ಅದಾದ ಹದಿನೈದು ದಿನಕ್ಕೆ, ಕಾರ್ಡು ಹಿಂದಿರುಗಿಸಿ ಎಂಬ ಪತ್ರ ಬಂತು. ರತ್ನಕ್ಕ ನೀಲಿ ದಾರವನ್ನು ಒಗೆದು ಒಣಗಿಸಿ, ಕಾರ್ಡಿಗೆ ಸುತ್ತಿ ಕೊಟ್ಟು ಬಂದಳು. ಹನ್ನೊಂದು ಮಕ್ಕಳ ಫೈಲನ್ನು ಸಂಯುಕ್ತಾಳ ಮೇಜಿನ ಮೇಲಿಟ್ಟು, ಯಾವುದರಲ್ಲಿ ಏನು ಬಾಕಿ ಎಂದು ಒಂದೊಂದಕ್ಕೂ ಚೀಟಿ ಅಂಟಿಸಿದಳು. ಅವತ್ತು ಮನೆಗೆ ಬಂದು ಅಡುಗೆ ಮಾಡಲಿಲ್ಲ.

ಕಾರ್ಡಿಲ್ಲದೆಯೇ ಶಾಲೆಗೆ ಹೋದಳು. ಸಾಫ್ಟ್‌ವೇರು ತಿದ್ದಲು ಬಿಡುವುದಿಲ್ಲ ಎಂದರು ಅಲ್ಲಿಯವರು. ಪರವಾಗಿಲ್ಲ, ನಿಮ್ಮ ದಾಖಲಾತಿ ರಿಜಿಸ್ಟರು ಬಿಡುತ್ತದಲ್ಲ ಎಂದಳು. ನೀವು ಯಾರು ಎಂದು ಕೇಳಿದರು. ಹೈಸ್ಕೂಲ್ ಗುಮಾಸ್ತೆ, ರಿಟೈರ್ಡ್ ಎಂದು ಹೇಳಿ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತಳು. ಮೂರು ದಿನ ಕೂತಳು. ಮೂರನೆಯ ದಿನ ಹೆಡ್‌ಮಿಸ್ಸು ಬೇಸತ್ತು ದಪ್ಪ ರಿಜಿಸ್ಟರು ತೆರೆಸಿದರು. ಸಮಿತಿಯ ಆದೇಶದ ನಂಬರು, ತಾರೀಕು ಕಾಣಿಸಿ, ಹಳೆಯದಕ್ಕೆ ಕೆಂಪು ಗೆರೆ ಎಳೆದು ಬರೆಸಿದರು: ತಾಯಿ, ದಿವಂಗತ ದಾನವ್ವ. ಪೋಷಕರು, ನಾರಾಯಣಮ್ಮ. ಪಕ್ಕದಲ್ಲಿ ಸಹಿ, ಮೊಹರು.

ಇಂಟರ್‌ವೆಲ್ ಗಂಟೆ ಹೊಡೆದಿತ್ತು. ಭಾಗ್ಯಶ್ರೀ ಬಾಗಿಲ ಹತ್ತಿರ ಬಂದು ನಿಂತಿದ್ದಳು. ರತ್ನಕ್ಕ ಕರೆದು ತೋರಿಸಿದಳು. ಹುಡುಗಿ ಅಕ್ಷರ ಮುಟ್ಟದೆ, ಬೆರಳನ್ನು ಗಾಳಿಯಲ್ಲೇ ಆಡಿಸಿ ಓದಿದಳು.

"ಅಜ್ಜಿ, ಇದು ಪೆನ್ನಿಂದ ಬರದಾರ?"

"ಹೂಂ ಕಣೇ. ಪೆನ್ನಿಂದಲೇ."

ಆನ್‌ಲೈನ್ ದಾಖಲೆ ಮಾತ್ರ ಇನ್ನೂ ತಿದ್ದುಪಡಿ ಆಗಿಲ್ಲ. ಅದಕ್ಕೆ ಮೇಲಿನ ಆಫೀಸಿಗೆ ಕಾಗದದಲ್ಲಿ ಅರ್ಜಿ ಕೊಡಬೇಕು. ಅಪೂರ್ಣ ಎಂಬ ಮೊಹರು ಬಿದ್ದು ಅದು ಎರಡು ಸಲ ವಾಪಸ್ ಬಂದಿದೆ. ರತ್ನಕ್ಕ ಮೊನ್ನೆ ಮೂರನೇ ಸಲ ಕೊಟ್ಟು ಬಂದಳು. ತಾಯಿಯ ಹೆಸರು ದಾನವ್ವ ಎಂದು ದುಂಡಗೆ ಬರೆದಿದ್ದಾಳೆ. ಅದರ ಪಕ್ಕದ ಮೊಬೈಲ್ ನಂಬರಿನ ಕಾಲಂ ಈ ಸಲವೂ ಖಾಲಿ ಬಿಟ್ಟಿದ್ದಾಳೆ.