ಎಡಗಡೆ ಸೀಟು

ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ಸ್ವಲ್ಪ ಸಂಕೋಚವೇ. ಆದರೂ ಹೇಳಿಬಿಡುತ್ತೇನೆ: ನನ್ನ ಬಳಿ ಒಂದು ಸ್ಪೋರ್ಟ್ಸ್ ಕಾರಿದೆ. ಕೆಂಪು ಬಣ್ಣ, ಎರಡೇ ಬಾಗಿಲು. ಜಯನಗರದ ನಮ್ಮ ಮನೆಯ ಮುಂದೆ ನಾನು ಅದನ್ನು ಒರೆಸುತ್ತ ನಿಂತಿದ್ದರೆ ರಸ್ತೆಗೆ ಹೊಸಬರಾದವರು ಮೊದಲು ಕಾರನ್ನು ನೋಡುತ್ತಾರೆ, ಆಮೇಲೆ ನನ್ನ ಬೊಕ್ಕತಲೆಯನ್ನು ನೋಡುತ್ತಾರೆ, ಮತ್ತೆ ಕಾರನ್ನು ನೋಡುತ್ತಾರೆ. ‘ಮಗಂದಾ ಅಂಕಲ್?’ ಎಂದು ಒಬ್ಬ ಕೇಳಿಯೇಬಿಟ್ಟ. ನನಗಿರುವುದು ಒಬ್ಬಳೇ ಮಗಳು. ಅವಳು ಮೆಟ್ರೊದಲ್ಲಿ ಓಡಾಡುತ್ತಾಳೆ.

ಕಾರು ಕೊಂಡಾಗ ನನಗೆ ನಲವತ್ತು ದಾಟಿತ್ತು. ಬೊಮ್ಮನಹಳ್ಳಿಯ ಕಾರ್ಖಾನೆಯ ಮಾಲೀಕರೊಬ್ಬರು ಓಡಿಸಿ ಬೇಸತ್ತು ಮಾರಿದ್ದು. ಕನಕಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟರಾಗಿದ್ದ ನಾನು ಅದರಲ್ಲಿ ಹದಿನಾಲ್ಕು ವರ್ಷ ದಿನವೂ ಹೋಗಿಬಂದೆ. ರೇಸಿಗೆಂದು ಹುಟ್ಟಿದ ಗಾಡಿ ಅಟೆಂಡೆನ್ಸ್ ಪುಸ್ತಕಕ್ಕೆ ಸಹಿ ಹಾಕಿಸುವುದಕ್ಕಾಗಿ ಮೂರು ಲಕ್ಷ ಕಿಲೋಮೀಟರು ಓಡಿತು. ಎಂಜಿನ್ ಇಂದಿಗೂ ಗಟ್ಟಿ. ಸವೆದದ್ದು ಒಳಗಡೆ. ಗೇರಿನ ಗುಂಡಿಯ ಮೇಲಿನ ಅಂಕಿಗಳು ನನ್ನ ಅಂಗೈಗೇ ಹತ್ತಿಕೊಂಡು ಹೋಗಿವೆ. ಬಾಗಿಲ ಕಡೆಯ ಸೀಟಿನ ಅಂಚು ಹರಿದು ಸ್ಪಂಜು ಹೊರಬಂದಿದೆ. ಡ್ಯಾಶ್‌ಬೋರ್ಡ್ ಮುಟ್ಟಿದರೆ ಬೆರಳು ಬೆಲ್ಲದ ಪಾಕಕ್ಕೆ ತಗುಲಿದಂತೆ ಅಂಟುತ್ತದೆ. ಮೆತ್ತಗಿರಲೆಂದು ಬಳಿದ ಲೇಪನವನ್ನು ಗಾಳಿಯ ತೇವ ವರ್ಷಾನುಗಟ್ಟಲೆ ನಿಧಾನವಾಗಿ ಒಡೆಯುತ್ತದೆ, ಅದಕ್ಕೆ ಜಲವಿಭಜನೆ ಎನ್ನುತ್ತಾರೆ. ಎಷ್ಟೋ ಬ್ಯಾಚುಗಳಿಗೆ ಅದನ್ನು ಪಾಠ ಮಾಡಿದ್ದೇನೆ. ಗಮನವಿಟ್ಟು ಕಲಿತದ್ದು ನನ್ನ ಡ್ಯಾಶ್‌ಬೋರ್ಡ್ ಒಂದೇ ಇರಬೇಕು.

ಇಷ್ಟಾದರೂ ನಾನು ಎಚ್ಚೆತ್ತುಕೊಂಡಿರಲಿಲ್ಲ. ಒಂದು ದಿನ ಮದುವೆಗೆ ಹೋಗುವಾಗ ಬನಶಂಕರಿ ಸಿಗ್ನಲ್ಲಿನಲ್ಲಿ ಛಾವಣಿಯ ಬಟ್ಟೆ ಅಂಟು ಬಿಟ್ಟು ನಮ್ಮಿಬ್ಬರ ತಲೆಯ ಮೇಲೂ ಬಿತ್ತು. ಪಕ್ಕದ ಆಟೊದವನು ಬಗ್ಗಿ ನೋಡಿ ನಕ್ಕ. ಹೆಂಡತಿ ವಸುಧಾ ಬಟ್ಟೆಯೊಳಗಿನಿಂದಲೇ ಹೇಳಿದಳು: ‘ರೀ, ಇದನ್ನ ಸರಿ ಮಾಡಿಸೋವರೆಗೂ ನಾನು ಈ ಕಾರು ಹತ್ತಲ್ಲ.’

ಹಾಗೆ ಕಾರು ಕೋಣನಕುಂಟೆಯ ಲೋಕೇಶನ ಶೆಡ್ಡು ಸೇರಿತು. ಲೋಕೇಶ ಸೀಟು, ಕುಶನ್ನು, ಛಾವಣಿಯ ಬಟ್ಟೆಯ ಕೆಲಸದವನು. ಐವತ್ತರ ಆಸುಪಾಸು, ಬಾಯಲ್ಲಿ ಸದಾ ಒಂದು ದಾರದ ತುಂಡು. ನನ್ನ ಸೀಟನ್ನು ಬಿಚ್ಚಿ ಬೆಳಕಿಗೆ ಹಿಡಿದು, ‘ಸಾರ್, ಪರ್ಸು ಹಿಂದಿನ ಜೇಬಲ್ಲಿ ಇಟ್ಕೋತಿದ್ರಾ? ಬಲಗಡೆ ಸೊಂಟ ನೋವಿರ್ಬೇಕಲ್ಲ?’ ಎಂದ. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿಯೂ ಹೇಳದಿದ್ದ ಕಾರಣವನ್ನು ಇವನು ಸ್ಪಂಜಿನಲ್ಲಿ ಓದಿದ್ದ. ಅಂದಿನಿಂದ ಎರಡು ದಿನಕ್ಕೊಮ್ಮೆ ಅಲ್ಲಿಗೆ ಹೋಗಿ ಸ್ಟೂಲು ಹಾಕಿಕೊಂಡು ಕೂರುವುದು ನನಗೆ ಅಭ್ಯಾಸವಾಯಿತು.

ಎರಡನೆಯ ವಾರ ಲೋಕೇಶ ನೆಲದ ಕಾರ್ಪೆಟ್ ಎಬ್ಬಿಸಿದ. ಎಬ್ಬಿಸಿದವನು ನನ್ನನ್ನು ಕರೆದ.

‘ಸಾರ್, ಎಡಗಡೇನೂ ಬ್ರೇಕಿತ್ತಾ? ಡ್ರೈವಿಂಗ್ ಸ್ಕೂಲ್ ಗಾಡೀನಾ ಇದು?’

ನೋಡಿದೆ. ಪಕ್ಕದ ಸೀಟಿನ ಮುಂದೆ, ಬಲಗಾಲು ಬರುವ ಜಾಗದಲ್ಲಿ, ಕಾರ್ಪೆಟ್ ಅಂಗೈಯಗಲ ಸವೆದು ತೂತಾಗಿತ್ತು. ಕೆಳಗಿನ ತಗಡು ತಿಕ್ಕಿದ ತಟ್ಟೆಯಂತೆ ಹೊಳೆಯುತ್ತಿತ್ತು. ಅದರ ಮೇಲಿನ ರಬ್ಬರ್ ಮ್ಯಾಟನ್ನು ನಾನೇ ಎರಡು ಸಲ ಬದಲಾಯಿಸಿದ್ದೆ, ಇಲಿಯ ಕೆಲಸವೆಂದು ಬೈದುಕೊಂಡು.

‘ಯಾರೋ ತುಂಬಾ ಹೆದರ್ಕೊಂಡು ಕೂತಿದ್ದಾರೆ ಸಾರ್ ಇಲ್ಲಿ’ ಎಂದ ಲೋಕೇಶ, ‘ಒಂದು ದಿನದ್ದಲ್ಲ ಇದು.’

ಆ ಯಾರೋ ಯಾರೆಂದು ನನಗೆ ಗೊತ್ತಿತ್ತು. ಪುಟ್ಟಸ್ವಾಮಿ. ನಮ್ಮದೇ ಕಾಲೇಜಿನ ಇತಿಹಾಸದ ಮೇಷ್ಟರು. ಹದಿನಾಲ್ಕು ವರ್ಷವೂ ಬನಶಂಕರಿ ಬಸ್‌ಸ್ಟಾಪಿನಲ್ಲಿ ಹತ್ತಿ ನನ್ನ ಪಕ್ಕ ಕೂತು ಬಂದವನು. ಸ್ಟೀರಿಂಗ್ ನನ್ನದು, ಮಾತು ಅವನದು. ಕಗ್ಗಲೀಪುರ ಬರುವಷ್ಟರಲ್ಲಿ ಒಂದು ರಾಜವಂಶ ಮುಗಿದು, ಹಾರೋಹಳ್ಳಿಯಲ್ಲಿ ಇನ್ನೊಂದು ಶುರುವಾಗುತ್ತಿತ್ತು. ಎದುರಿಗೆ ಲಾರಿ ಬಂದರೆ ಮಾತು ನಿಲ್ಲುತ್ತಿತ್ತು, ಬಲಗಾಲು ನೆಲ ಒತ್ತುತ್ತಿತ್ತು. ನನಗದು ದೊಡ್ಡ ತಮಾಷೆ. ಅವನ ಬೀಳ್ಕೊಡುಗೆ ಸಮಾರಂಭದಲ್ಲಿ ಮೈಕು ಸಿಕ್ಕಿದ್ದೇ ತಡ, ‘ನಮ್ಮ ಪುಟ್ಟಸ್ವಾಮಿಯವರು ರಣರಂಗಗಳ ಪಾಠ ಮಾಡ್ತಾರೆ, ಆದರೆ ಎದುರಿಗೆ ಟೆಂಪೊ ಬಂದರೆ ಸಾಕು, ಇಲ್ಲದ ಬ್ರೇಕು ತುಳೀತಾರೆ’ ಎಂದು ವೇದಿಕೆಯ ಮೇಲೆಯೇ ಕಾಲು ಒತ್ತಿ ತೋರಿಸಿದೆ. ಸಭೆ ಬಿದ್ದುಬಿದ್ದು ನಕ್ಕಿತು. ಅವನು ನಗಲಿಲ್ಲ. ಅಂದು ಸಂಜೆ ಹಾರ ಹಿಡಿದುಕೊಂಡು ಬಸ್ಸಿನಲ್ಲಿ ಹೋದ. ಆಮೇಲೆ ನಾನು ಎರಡು ಸಲ ಫೋನು ಮಾಡಿದೆ, ಅವನು ಎತ್ತಲಿಲ್ಲ. ತಮಾಷೆ ತಡೆಯದವನು ಎಂದುಕೊಂಡು ಸುಮ್ಮನಾದೆ. ಐದು ವರ್ಷವಾಗಿತ್ತು.

ನಗೆ ಬರಿಸಿದ ಆ ಕಾಲು ತಗಡಿನ ಮೇಲೆ ಹೀಗೆ ಕಂಡಾಗ ನನಗೆ ನಗು ಬರಲಿಲ್ಲ. ಇಷ್ಟು ಹೆದರಿಕೆಯಿದ್ದವನು ಯಾಕೆ ಬರುತ್ತಿದ್ದ? ಬಸ್ಸಿತ್ತಲ್ಲ? ಈ ಪ್ರಶ್ನೆ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ಅಲ್ಲಿಂದಲೇ ಆಟೊ ಹಿಡಿದು, ನಿವೃತ್ತಿಯ ನಂತರ ಅವನು ಮನೆ ಮಾಡಿದ್ದ ಅಂಜನಾಪುರಕ್ಕೆ ಹೋದೆ. ಪುಟ್ಟಸ್ವಾಮಿ ಮನೆಯ ಮುಂದೆ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದ. ನನ್ನನ್ನು ನೋಡಿ ಪೈಪು ಹಾಗೇ ಹಿಡಿದು ನಿಂತ. ಗಿಡದ ಬುಡದಿಂದ ನೀರು ಹರಿದು ನನ್ನ ಚಪ್ಪಲಿಯವರೆಗೆ ಬಂತು.

‘ಕಾರೆಲ್ಲಿ?’ ಎಂದ. ಐದು ವರ್ಷದ ನಂತರದ ಮೊದಲ ಮಾತು.

‘ಬಿಚ್ಚಿ ಹಾಕಿದೀವಿ. ನಿನ್ನ ಕಾಲಿನ ಜಾಗ ನೋಡ್ದೆ. ಕಾರ್ಪೆಟ್ ತೂತಾಗಿದೆ ಕಣಯ್ಯ.’

ಅವನು ನಲ್ಲಿ ನಿಲ್ಲಿಸಿ ಜಗಲಿಯ ಮೇಲೆ ಕೂತ. ನಾನೂ ಕೂತೆ.

‘ಅಷ್ಟು ಹೆದರಿಕೆ ಆಗ್ತಿತ್ತಾ?’

‘ಆಗ್ತಿತ್ತು. ದಿನಾ ಆಗ್ತಿತ್ತು.’

‘ಮತ್ತೆ ಬಸ್ಸಲ್ಲಿ ಯಾಕೆ ಹೋಗ್ಲಿಲ್ಲ?’

‘ಹೋಗಿದ್ನಲ್ಲ. ಶುರುವಿನ ವರ್ಷ ಒಂದು ವಾರ ಬಸ್ಸಲ್ಲೇ ಬಂದೆ. ಆ ವಾರ ನೀನು ಸ್ಟಾಫ್ ರೂಮಲ್ಲಿ ಏನು ಹೇಳ್ಕೊಂಡು ತಿರುಗ್ತಿದ್ದೆ, ಜ್ಞಾಪಕ ಇದೆಯಾ? ಐವತ್ತು ನಿಮಿಷಕ್ಕೆ ಬಂದುಬಿಟ್ಟೆ, ಇವತ್ತು ನಲವತ್ತೈದು ಅಂತ. ನಾನು ಪಕ್ಕದಲ್ಲಿ ಕೂತ್ರೆ ಒಂದೂವರೆ ಗಂಟೆ ಆಗೋದು. ನನ್ನ ಕಾಲು ನೋಡಿ ನಗ್ತಿದ್ದೆ, ಆದ್ರೆ ನಕ್ಕಾಗೆಲ್ಲ ಸ್ಪೀಡು ಕಮ್ಮಿ ಮಾಡ್ತಿದ್ದೆ. ಅದಕ್ಕೇ ಸೋಮವಾರದಿಂದ ಮತ್ತೆ ಹತ್ತಿದೆ.’

ನಾನು ಒದ್ದೆ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟೆ. ರಾಜವಂಶಗಳ ಕಥೆ ಕೂಡ ನಾನು ಕೇಳುತ್ತ ನಿಧಾನವಾಗಲಿ ಎಂದೇ ಇತ್ತೇನೋ.

‘ಹೆದರುಪುಕ್ಕಲ ಅಂದಿದ್ದಕ್ಕೆ ಬೇಜಾರಿಲ್ಲ ಕಣೋ ಶೀನ’ ಎಂದ ಅವನು, ‘ಅದು ನಿಜಾನೇ. ಅಷ್ಟು ವರ್ಷ ಪಕ್ಕದಲ್ಲಿ ಕೂತಿದ್ರೂ ನಿನಗೆ ಗೊತ್ತಾಗಿಲ್ವಲ್ಲ ಅಂತ ಬೇಜಾರು.’

‘ಗೊತ್ತಾಗ್ಲಿಲ್ಲ’ ಎಂದೆ. ‘ತಪ್ಪಾಯ್ತು ಪುಟ್ಟಸ್ವಾಮಿ.’

ಒಳಗಿನಿಂದ ಅವನ ಹೆಂಡತಿ ಜಯಮ್ಮ ಕೂಗಿದರು, ‘ಯಾರ್ರೀ ಬಂದಿರೋದು?’ ಅವನು, ‘ಶೀನ ಕಣೇ. ಊಟಕ್ಕೆ ಇರ್ತಾನೆ’ ಎಂದ. ಇರ್ತೀಯಾ ಎಂದು ನನ್ನನ್ನು ಕೇಳಿರಲಿಲ್ಲ.

ಊಟ ಮಾಡುವಾಗ ಒಂದು ವಿಷಯ ಕೇಳಿದೆ. ಆ ಸವೆದ ಕಾರ್ಪೆಟ್ಟನ್ನು ಹಾಗೇ ಉಳಿಸಿಕೊಳ್ಳಬೇಕೆಂದು ನನ್ನ ಮನಸ್ಸು. ಪುಟ್ಟಸ್ವಾಮಿ ಸಾರು ಕಲೆಸುತ್ತ, ‘ತೂತಿಗೆ ಪೂಜೆ ಮಾಡ್ತೀಯಾ? ಹೊಸದು ಹಾಕ್ಸು’ ಎಂದ. ಶಾಸನಗಳನ್ನು ಕಾಪಾಡಬೇಕೆಂದು ಜೀವನವಿಡೀ ಪಾಠ ಹೇಳಿದವನು! ತನ್ನದೇ ಶಾಸನದ ವಿಷಯ ಬಂದಾಗ ಹೀಗೆ. ಹೊಸದನ್ನೇ ಹಾಕಿಸಿದೆ.

ಮೂರು ವಾರ ಬಿಟ್ಟು ಭಾನುವಾರ ಇಬ್ಬರೂ ಕಾರು ತರಲು ಹೋದೆವು. ಒಳಗೆಲ್ಲ ಹೊಸ ಚರ್ಮದ ವಾಸನೆ. ಛಾವಣಿ ಬಿಗಿಯಾಗಿ ಕೂತಿತ್ತು, ಡ್ಯಾಶ್‌ಬೋರ್ಡ್ ಅಂಟುತ್ತಿರಲಿಲ್ಲ. ಲೋಕೇಶ ಬಾಗಿಲು ಹಿಡಿದು ನಿಂತು ನಮ್ಮಿಬ್ಬರನ್ನೂ ಹತ್ತಿಸಿದ. ಸೀಟು ನಮ್ಮನ್ನು ಗುರುತಿಸಲಿಲ್ಲ. ಯಾರದೋ ಮನೆಗೆ ಹೆಣ್ಣು ನೋಡಲು ಬಂದವರಂತೆ ಬೆನ್ನು ನೆಟ್ಟಗೆ ಮಾಡಿ ಕೂತೆವು. ಕನಕಪುರ ರಸ್ತೆಯಲ್ಲಿ ಮೇಲೆ ಮೆಟ್ರೊ ಹೋಗುತ್ತಿತ್ತು, ಕೆಳಗೆ ನಾವು. ನಮ್ಮನ್ನು ಸ್ಕೂಟಿಯವರೂ ಹಿಂದೆ ಹಾಕಿದರು.

ಒಂದು ದರ್ಶಿನಿಯ ಮುಂದೆ ನಿಲ್ಲಿಸಿದೆ, ಕಾಫಿ ಕುಡಿಯೋಣವೆಂದು. ಬಾಗಿಲು ತೆಗೆದೆವು. ಆಗ ಗೊತ್ತಾಯಿತು: ಹೊಸ ಸ್ಪಂಜು ಮೈಯನ್ನು ಒಳಕ್ಕೆಳೆದು ಕೂರಿಸಿದೆ, ಕಾರು ನೆಲಕ್ಕೆ ಅಂಟಿದೆ, ನಾಲ್ಕು ಮಂಡಿಗಳಲ್ಲಿ ಒಂದೂ ಮೇಲೇಳಲು ಒಪ್ಪುತ್ತಿಲ್ಲ. ‘ನೀನು ಮೊದಲು ಇಳಿದು ನನ್ನ ಕೈ ಹಿಡ್ಕೋ’ ಎಂದೆ. ‘ನೀನೇ ಇಳಿದು ಬಾ’ ಎಂದ. ಇಬ್ಬರೂ ಸ್ವಲ್ಪ ಹೊತ್ತು ಪ್ರಯತ್ನಪಟ್ಟು, ಏದುಸಿರು ಬಿಟ್ಟು, ಮತ್ತೆ ಒರಗಿ ಕೂತೆವು. ನಗು ಬಂತು. ಈ ಸಲ ಅವನೇ ಮೊದಲು ನಕ್ಕ.

ಕಾಫಿ ಕೌಂಟರಿನವನು ಇಣುಕಿ ನೋಡಿ, ‘ಏನ್ ಸಾರ್, ಅಲ್ಲಿಗೇ ತಂದ್ಕೊಡ್ಲಾ?’ ಎಂದ.

‘ತಂದ್ಕೊಡಪ್ಪ’ ಎಂದ ಪುಟ್ಟಸ್ವಾಮಿ, ‘ಅವಸರ ಏನಿಲ್ಲ.’