ನಲ್ಲಿಯನ್ನೂ ನಂಬದ ಲ್ಯಾಬಿನಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಕಫ ಪರೀಕ್ಷೆಯ ಕೋಣೆಯಲ್ಲಿ ಲ್ಯಾಬಿನಕ್ಕ ಆಗಲೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದಾರೆ. ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು. ಬೇರೆಯವರಾದರೆ 'ಕ್ಷಯ' ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರೇನೋ. ಇವರು ಗಾಜುಪಟ್ಟಿ ತೆಗೆದು, ಹೆಸರು ಓದಿ, ಮತ್ತೆ ಇಡುತ್ತಾರೆ.

"ಕ್ಷಯದ ರೋಗಾಣುವಿಗೆ ದಾಯಾದಿಗಳು ಬೇಕಾದಷ್ಟಿದ್ದಾವೆ ಕಣ್ರೀ, ಮಣ್ಣಲ್ಲಿ, ನೀರಲ್ಲಿ. ನೋಡೋಕೆ ಎಲ್ಲಾ ಒಂದೇ ಥರ. ಔಷಧಿ ಮಾತ್ರ ಬೇರೆ ಬೇರೆ. ಮುಖ ನೋಡಿ ನಂಬೋಕಾಗುತ್ತಾ?"

ದಿನಕ್ಕೆ ನಲವತ್ತು ಗಾಜುಪಟ್ಟಿ, ಇಪ್ಪತ್ತೆರಡು ವರ್ಷದ ನೌಕರಿ. ಅಯ್ಯೋ, ಆ ಅನುಮಾನ ಮನೆಯನ್ನೂ ಬಿಟ್ಟಿಲ್ಲ. "ಉಪ್ಪಿನ ಡಬ್ಬೀನೂ ನೆಕ್ಕಿ ನೋಡಿಯೇ ನಂಬ್ತಾಳೆ" ಎಂದು ಗಂಡ ನಗುತ್ತಾರೆ.

ಕಳೆದ ವರ್ಷ ಒಂದೇ ವಾರದಲ್ಲಿ, ರೋಗಾಣು ಬೆಳೆಸಿ ನೋಡಲು ಲ್ಯಾಬಿನಲ್ಲಿಟ್ಟ ನಾಲ್ವರ ಕಫದಲ್ಲಿ ಒಂದೇ ಬಗೆಯ ದಾಯಾದಿ ಬೆಳೆಯಿತು. ಡಾಕ್ಟರು ಮದ್ದು ಶುರುಮಾಡಲು ಸಿದ್ಧ: ಮೂರು ಬಗೆಯ ಮಾತ್ರೆ, ವರ್ಷಕ್ಕೂ ಮೇಲೆ. ಒಂದು ಮಾತ್ರೆಯಿಂದ ಕೆಲವರಿಗೆ ದೃಷ್ಟಿ ಮಂಜಾಗಬಹುದು. ನಾಲ್ವರಲ್ಲೊಬ್ಬಳು ಟೈಲರಮ್ಮ. "ಕಣ್ಣು ಹೋದ್ರೆ ಸೂಜಿಗೆ ದಾರ ನೀವು ಪೋಣಿಸ್ತೀರಾ?" ಎಂದು ಅತ್ತೇಬಿಟ್ಟಳು.

ಒಂದೇ ವಾರದಲ್ಲಿ ನಾಲ್ವರಿಗೆ ಒಂದೇ ದಾಯಾದಿ ಎಂಬ ಲೆಕ್ಕವೇ ಲ್ಯಾಬಿನಕ್ಕನಿಗೆ ಗಂಟಲಲ್ಲಿ ಇಳಿಯಲಿಲ್ಲ. "ಎಲ್ಲದಕ್ಕೂ ಕೊಕ್ಕೆ ಹಾಕ್ತೀರಲ್ಲಮ್ಮ" ಎಂದು ಡಾಕ್ಟರು ರೇಗಿದರು. ಇವರು ಜಗ್ಗಲಿಲ್ಲ. ಬೆಳಗೆಲ್ಲಾ ಕಾರಿಡಾರಿನಲ್ಲಿ ನಿಂತು ನೋಡಿದರು. ಬಂದವರೆಲ್ಲ ಮೂಲೆಯ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಆಮೇಲೆ ಡಬ್ಬಿಗೆ ಕಫ ಉಗುಳುತ್ತಿದ್ದರು. ನಲ್ಲಿಯ ನೀರನ್ನೇ ಪರೀಕ್ಷೆಗಿಟ್ಟರು. ವಾರಗಳ ನಂತರ ಅದರಲ್ಲೂ ಅದೇ ರೋಗಾಣು!

ಕಫದಲ್ಲಿ ಸಿಕ್ಕಿದ್ದು ಎದೆಯದ್ದೋ ನಲ್ಲಿಯದ್ದೋ? ಡಾಕ್ಟರು ಮದ್ದು ತಡೆದರು. ನಾಲ್ವರಿಗೂ ಬಾಯಿ ಮುಕ್ಕಳಿಸಲು ಕುದಿಸಿ ಆರಿಸಿದ ನೀರು ಕೊಟ್ಟು, ಬೇರೆ ಬೇರೆ ದಿನ ಎರಡೆರಡು ಸಲ ಕಫ ತೆಗೆಸಿದರು. ಮತ್ತೆ ವಾರಗಟ್ಟಲೆ ಕಾಯುವ ಪಾಡು. ಮೂವರದ್ದರಲ್ಲಿ ಏನೂ ಬೆಳೆಯಲಿಲ್ಲ. ಟೈಲರಮ್ಮನದ್ದರಲ್ಲಿ ಎರಡು ಸಲವೂ ಬೆಳೆಯಿತು. ಸ್ಕ್ಯಾನಿನಲ್ಲೂ ಶ್ವಾಸಕೋಶ ಕೆಟ್ಟದ್ದು ಕಾಣುತ್ತಿತ್ತು. ಲ್ಯಾಬಿನಕ್ಕನಿಗೆ ಮೂವರನ್ನು ಉಳಿಸಿದ ಖುಷಿ ಅರ್ಧಕ್ಕೇ ನಿಂತಿತು.

ಡಾಕ್ಟರು ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆ ಮಾಡಿಸುವುದಾಗಿ ಹೇಳಿದರೂ ಟೈಲರಮ್ಮ ಮಾತ್ರೆ ನುಂಗಲಿಲ್ಲ. ಪೊಟ್ಟಣ ಹಿಡಿದು ನೇರ ಲ್ಯಾಬಿನ ಬಾಗಿಲಿಗೆ ಬಂದಳು.

"ಅಕ್ಕಾ, ನೀವು ಯಾರನ್ನೂ ನಂಬಲ್ವಂತೆ. ನನ್ನ ಕಾಯಿಲೆ ಮೇಲೆ ನಿಮಗೇನಾದ್ರೂ ಅನುಮಾನ ಉಳಿದಿದ್ಯಾ?"

"ಇಲ್ಲ ಕಣಮ್ಮ. ಹುಡುಕಿ ಹುಡುಕಿ ನೋಡಿದೆ. ಒಂದೂ ಉಳಿದಿಲ್ಲ."

"ಹಾಗಾದ್ರೆ ಒಂದು ಲೋಟ ನೀರು ಕೊಡಿ, ನುಂಗ್ತೀನಿ."