ಇಲಿ ಬಾಚುವ ಕೆಂಚವ್ವ

ದಾಂಡೇಲಿಯ ಕಾಗದದ ಕಾರ್ಖಾನೆಯ ಹಿಂದಿನ ಸಾಲುಮನೆಗಳಲ್ಲಿ ಯಾವ ಹುಡುಗಿ ತಲೆ ಕೆರೆದುಕೊಂಡರೂ ತಾಯಂದಿರಿಗೆ ಮೊದಲು ನೆನಪಾಗುತ್ತಿದ್ದವಳು ಕೆಂಚವ್ವ. ಹೊಸ್ತಿಲ ಹೊರಗೆ ಕಾಲು ಚಾಚಿ ಕೂತು, ಹುಡುಗಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಹೇನಿನ ಹಣಿಗೆಯನ್ನು ಬುಡದಿಂದ ತುದಿಯವರೆಗೆ ಹಾಯಿಸಿದಳೆಂದರೆ ಹೇನು ಬೇರೆ, ಸೀರು ಬೇರೆ, ಹೊಟ್ಟು ಬೇರೆ. ಐವತ್ತೆಂಟು ದಾಟಿ ಕಣ್ಣು ಮಂಜಾಗಿದ್ದರೂ ಕೆಲಸ ಕೆಟ್ಟಿರಲಿಲ್ಲ. ಆಕೆಗೆ ಅರ್ಧ ಕಾಣುತ್ತಿದ್ದದ್ದು ಬೆರಳ ತುದಿಯಿಂದ.

ಕಲಘಟಗಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ಗಂಡ ಸೋಮಪ್ಪ ಲಾರಿಯಿಂದ ಬಿದಿರು ಇಳಿಸುವವರಲ್ಲಿ ಒಬ್ಬ. ಅವನು ತೀರಿಕೊಂಡು ಒಂಬತ್ತು ವರ್ಷ. ಮಗ ಪುಂಡಲೀಕ ಈಗ ಅದೇ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಕೆಂಚವ್ವ ನಾಲ್ಕು ಮನೆಯ ಪಾತ್ರೆ ತಿಕ್ಕಿಕೊಂಡು, ಬಿಡುವಾದಾಗ ಓಣಿಯ ಮಕ್ಕಳ ತಲೆ ನೋಡಿಕೊಂಡು ಇದ್ದವಳು. ಓಣಿಯ ತುದಿಯ ಕೋಣೆಗೆ ಸುಮಿತಾ ಎಂಬ ಸಂಶೋಧಕಿ ಬಾಡಿಗೆಗೆ ಬಂದದ್ದೇ ಆಕೆಯ ದಾರಿ ಬದಲಾಯಿತು.

ಸುಮಿತಾ ಇಲಿಗಳ ಬೆನ್ನು ಹತ್ತಿ ಬಂದಿದ್ದಳು. ಜೋಯಿಡಾದ ಕಾಡಂಚು, ಹಳಿಯಾಳದ ಗದ್ದೆ, ಮುಂಡಗೋಡದ ಸನವಳ್ಳಿಯ ಕಡೆಯ ಹೊಲ, ಎಲ್ಲೆಲ್ಲೂ ತಗಡಿನ ಡಬ್ಬಿಬೋನು ಇಟ್ಟು ಹಿಡಿಯುವುದು, ಮದ್ದು ಮೂಸಿಸಿ ಮಲಗಿಸುವುದು, ಅಳೆದು ತೂಗಿ, ಮೈಮೇಲಿನ ಉಣ್ಣೆ, ಚಿಗಟ, ನುಸಿ ಹೆಕ್ಕಿ, ಎಚ್ಚರವಾದ ಮೇಲೆ ಹಿಡಿದಲ್ಲೇ ಬಿಡುವುದು. ಎಲ್ಲಿಂದಲೋ ಬಂದ ಲಂಟಾನದ ಪೊದೆ ಕಾಡಿನೊಳಗೆ ನುಗ್ಗಿದ ಹಾಗೆಲ್ಲ ಊರಿನ ಇಲಿಗಳೂ ಅದರ ನೆರಳು ಹಿಡಿದು ಒಳಗೆ ಹೋಗುತ್ತಿವೆಯೇ, ಹೋಗುವಾಗ ಯಾವ ಹುಳ, ಯಾವ ಜ್ವರ ಹೊತ್ತು ತಿರುಗುತ್ತಿವೆ ಎಂಬುದು ಅವಳ ಪ್ರಶ್ನೆ. ಒಂದು ಸಂಜೆ ಕೆಂಚವ್ವ ತಲೆ ಬಾಚುವುದನ್ನು ನಿಂತು ನೋಡಿದಳು. ಮರುದಿನ ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದಳು.

ಕೈಗವಸು ತೊಟ್ಟು, ಮಲಗಿದ ಇಲಿಯನ್ನು ಬಿಳಿ ತಟ್ಟೆಯ ಮೇಲಿಟ್ಟು ಬಾಚುವ ಕೆಲಸ. ಮೊದಲ ದಿನ ವಾಂತಿ ಬಂದಿತ್ತು. ವಾರದೊಳಗೆ ಇಲಿಯ ಕಿವಿಯ ಮಡಿಕೆಯಲ್ಲಿ ಗುಂಪಾಗಿ ಕೂರುವ ಕಿತ್ತಳೆ ಬಣ್ಣದ ನುಸಿಯನ್ನು, ರಾಗಿಕಾಳನ್ನು ಹತ್ತು ಹೋಳು ಮಾಡಿದಷ್ಟು ಸಣ್ಣದನ್ನು, ಒಂದೂ ಬಿಡದೆ ಬಿಡಿಸಿ ಸೀಸೆಗೆ ಇಳಿಸುತ್ತಿದ್ದಳು. ಪಕ್ಕದ ಮನೆಯ ಮುದಕವ್ವ ಓಣಿಯೆಲ್ಲ ಕೇಳುವ ಹಾಗೆ, "ಇಷ್ಟ ದಿನ ಮಂದಿ ತಲ್ಯಾನ ಹೇನ ತಗದ್ಳು, ಈಗ ಗಣಪ್ಪನ ಗಾಡಿಗೆ ಬಡ್ತಿ ಸಿಕ್ಕೇತಿ ನೋಡ್ರಿ," ಎಂದಳು. ಕೆಂಚವ್ವನೂ ನಕ್ಕಳು. ಬದುಕಿನಲ್ಲಿ ಮೊದಲ ಸಲ ಒಬ್ಬರು ಆಕೆಯ ಕೈಯನ್ನು ನೋಡಿ ಕರೆದಿದ್ದರು.

ನಗದವಳು ಸೊಸೆ ವಿದ್ಯಾವತಿ. ಧಾರವಾಡದಲ್ಲಿ ವಿಜ್ಞಾನ ಓದಿದವಳು. ಮೊದಲ ಬಸಿರು ಐದನೇ ತಿಂಗಳಿಗೆ ಹೋಗಿತ್ತು. ಆಮೇಲೆ ಹುಟ್ಟಿದವಳು ಶಿವಗಂಗಾ, ಈಗ ಎರಡೂವರೆ ವರ್ಷ. ಮಗಳು ಸೀನಿದರೆ ವಿದ್ಯಾವತಿಯ ಎದೆ ಹಾರುತ್ತಿತ್ತು. ಸೀನದಿದ್ದರೆ ಯಾಕೆ ಸುಮ್ಮನಿದ್ದಾಳೆ ಎಂದು ಹಾರುತ್ತಿತ್ತು. ಉಳವಿಯ ದೇವರಿಗೆ ಹರಕೆ ಹೊತ್ತಿದ್ದರಿಂದ ಮಗುವಿನ ಜಾವಳ ಆಗಿರಲಿಲ್ಲ. ಹುಟ್ಟುಗೂದಲು ಕತ್ತರಿ ಕಾಣದೆ ಹೆಗಲವರೆಗೆ ಗುಂಗುರಾಗಿ ಇಳಿದಿತ್ತು. ಈ ಸಲ, ಮುಂದಿನ ಸಲ ಎಂದು ಹೋಗುವುದು ಮುಂದೆ ಬೀಳುತ್ತಲೇ ಇತ್ತು.

ಅತ್ತೆ ಇಲಿ ಮುಟ್ಟುತ್ತಾಳೆಂದು ತಿಳಿದ ದಿನವೇ ವಿದ್ಯಾವತಿ ಕಟ್ಟಳೆ ಹಾಕಿದಳು. ಜಗಳ ಮಾಡಲಿಲ್ಲ, ಕೈ ಮುಗಿದೇ ಹೇಳಿದಳು. ಕೂಸನ್ನು ಮುಟ್ಟಬಾರದು, ಸಾಬೂನು ಬೇರೆ, ಟವೆಲು ಬೇರೆ. ಕೆಂಚವ್ವ ಒಪ್ಪಿದಳು. ಕೆಲಸದ ಸೀರೆ ಅಲ್ಲೇ ಬದಲಿಸಿ, ಮೊಣಕೈವರೆಗೆ ತೊಳೆದು ಬರುತ್ತಿದ್ದಳು. ಆದರೂ "ಆಯೀ" ಎಂದು ಓಡಿಬರುವ ಮಗುವಿನ ಮುಂದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲಬೇಕಾಗುತ್ತಿತ್ತು. ಹೀಗೆ ಏಳು ತಿಂಗಳು.

ಹಿತ್ತಲಲ್ಲಿ ಅರಿವೆ ಒಣಹಾಕಲು ಇದ್ದದ್ದು ಒಂದೇ ತಂತಿ. ಒಂದು ಸಂಜೆ ವಿದ್ಯಾವತಿ, "ಅತ್ತಿ, ನಿಮ್ಮ ಸೀರಿ ಮಗ್ಗಲಿಗೆ ಕೂಸಿನ ಅರಿವಿ ಬ್ಯಾಡ್ರಿ," ಎಂದಳು. ಮರುದಿನದಿಂದ ಮಗುವಿನ ಅಂಗಿ, ಚಡ್ಡಿ, ತಲೆಗೆ ಕಟ್ಟುವ ಕುಲಾಯಿ, ಎಲ್ಲವೂ ಗಟಾರದ ಆಚೆಯ ಬೇಲಿಯ ಮೇಲೆ ಹರಡಿಕೊಂಡವು. ಅದು ಲಂಟಾನದ ಬೇಲಿ. ಬಿಸಿಲು ಚೆನ್ನಾಗಿ ಬೀಳುತ್ತಿತ್ತು.

ಕೆಂಚವ್ವ ಅದನ್ನು ಮೊದಲ ದಿನವೇ ನೋಡಿದಳು. ಅದೇ ವಾರ ಜೋಯಿಡಾದಲ್ಲಿ ಲಂಟಾನದ ಬುಡಕ್ಕೆ ಕಪ್ಪು ಫಲಕ ಇಟ್ಟು, ಅದರ ಮೇಲೆ ಹತ್ತಿ ಬಂದ ಕಿತ್ತಳೆ ಚುಕ್ಕೆಗಳನ್ನು ಎಣಿಸಿ ಬಂದಿದ್ದಳು. ನುಸಿ ಇಲಿಯ ಮೇಲಿಂದ ಉದುರಿ, ನೆಲದಲ್ಲಿ ಬೆಳೆದು ಮೊಟ್ಟೆಯಿಟ್ಟು, ಅದರ ಮರಿ ಎಲೆ ಹತ್ತಿ ಮುಂದಿನ ಮೈಗಾಗಿ ಕಾಯುತ್ತದೆಂದು ಸುಮಿತಾ ಎಲ್ಲರಿಗೂ ಬಿಡಿಸಿ ಹೇಳಿದ್ದಳು. ಜ್ವರ ಬಂದರೆ ಮೊದಲು ಮೈಯಲ್ಲಿ ಆ ಮರಿ ಕಚ್ಚಿದ ಕರಿ ಹಕ್ಕಳೆ ಹುಡುಕಿ ಎಂದಿದ್ದಳು. ಬೋನು ಹೊರುವ ಜ್ಯೋತಿಬಾನಿಗೆ ಹಾಗೇ ಆಗಿತ್ತು. ಸೊಂಟದ ದಾರದ ಕೆಳಗೆ ಬೀಡಿಯಿಂದ ಸುಟ್ಟ ಹಾಗೆ ಒಂದು ಗುರುತು. ನೋವಿಲ್ಲ, ತುರಿಕೆ ಇಲ್ಲ. ಸರಿಯಾದ ಗುಳಿಗೆ ಕೊಟ್ಟ ಎರಡೇ ದಿನಕ್ಕೆ ಜ್ವರ ಬಿಟ್ಟಿತ್ತು.

ಬೇಲಿಯ ಮೇಲೆ ಅರಿವೆ ಹಾಕಬೇಡ ಎನ್ನಲು ಕೆಂಚವ್ವ ಬಾಯಿ ತೆರೆದಳು. ಹಿಂದಿನ ಸಂಜೆಯ ಮಾತು ನೆನಪಾಯಿತು. ಕಲಿತವಳು, ನನ್ನ ಸೀರೆಗಿಂತ ಬೇಲಿ ಸ್ವಚ್ಛ ಅನ್ನುತ್ತಾಳಲ್ಲ, ಇರಲಿ. ಬಾಯಿ ಮುಚ್ಚಿಕೊಂಡಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ಏನೂ ಆಗಲಿಲ್ಲ, ನಾಡಿದ್ದೂ ಆಗಲಿಲ್ಲ. ಏನೂ ಆಗದ ದಿನಗಳು ಸೇರಿ ಎರಡು ತಿಂಗಳಾದವು.

ಮಹಾನವಮಿ ಕಳೆದ ವಾರ ಶಿವಗಂಗಾಗೆ ಜ್ವರ ಬಂತು. ಊರಿನ ಡಾಕ್ಟರರು ಹವಾಮಾನದ ಜ್ವರ ಎಂದು ಸಿರಪ್ ಕೊಟ್ಟರು. ಮೂರನೇ ದಿನವೂ ಇಳಿಯದಿದ್ದಾಗ ಡೆಂಗಿ ಪರೀಕ್ಷೆ ಮಾಡಿಸಿದರು. ಇಲ್ಲ ಎಂದು ಬಂತು. ಮಂಗನ ಕಾಯಿಲೆ ಇರಬಹುದೆಂದು ಯಾರೋ ಅಂದದ್ದೇ ವಿದ್ಯಾವತಿ ಉಣ್ಣುವುದನ್ನು ಬಿಟ್ಟಳು. ಐದನೇ ದಿನ ಮಗುವಿನ ಕಣ್ಣುರೆಪ್ಪೆ ಊದಿಕೊಂಡು, ಉಸಿರು ಏರಿತು. ಹಳಿಯಾಳದ ಮೇಲೆ ಹಾಯ್ದು ಧಾರವಾಡದ ದೊಡ್ಡ ಆಸ್ಪತ್ರೆಗೆ ಒಯ್ದರು. ಕಾರಿನಲ್ಲಿ ಕೆಂಚವ್ವನಿಗೆ ಮುಂದಿನ ಸೀಟು. ಹಿಂದಿನಿಂದ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ತಿರುಗಿ ನೋಡಿದಾಗಲೆಲ್ಲ ವಿದ್ಯಾವತಿ ಸೆರಗಿನಿಂದ ಮಗುವಿನ ಮುಖ ಮರೆ ಮಾಡುತ್ತಿದ್ದಳು.

ವಾರ್ಡಿನ ಬಾಗಿಲಲ್ಲಿ ಸೊಸೆ ಗಂಡನಿಗೆ ಹೇಳಿದ್ದು ಕೆಂಚವ್ವನಿಗೂ ಕೇಳಿಸಿತು. "ಇದು ಅವರ ಕೈಯಿಂದನ ಬಂದದ್ದು. ಅವರು ಒಳಗ ಬರೂದು ಬ್ಯಾಡ."

ಕೆಂಚವ್ವ ಹೊರಗಿನ ಬೆಂಚಿನ ಮೇಲೆ ಕೂತಳು. ಸುಮಿತಾಳಿಗೆ ಫೋನು ಹಚ್ಚಿದಳು. ಅವಳು ಕಾಡಿನಲ್ಲಿದ್ದಳು, ಇಪ್ಪತ್ತು ಸಲ ಹಚ್ಚಿದರೂ ಸಿಗ್ನಲ್ ಸಿಗಲಿಲ್ಲ. ಹಾಯ್ದು ಹೋಗುವ ನರ್ಸಮ್ಮನನ್ನು ತಡೆದು, ಮಗುವಿನ ಮೈಮೇಲೆ ಕರಿ ಹಕ್ಕಳೆ ಐತೇನು ನೋಡ್ರಿ ಎಂದಳು. ಡಾಕ್ಟರರು ಕೈ, ಕಾಲು, ಹೊಟ್ಟೆ, ಬೆನ್ನು ಎಲ್ಲ ನೋಡಿದ್ದಾರೆ, ಏನೂ ಇಲ್ಲ, ರಕ್ತದ ವರದಿ ನಾಳೆ ಬರುತ್ತದೆ ಎಂದಳು ಅವಳು. ತಲೆ ನೋಡಲು ಅಡ್ಡಿಯಾಗುತ್ತದೆಂದು ಕೂದಲು ಕತ್ತರಿಸಲು ಕೇಳಿದ್ದರಂತೆ. ಹರಕೆಯ ಕೂದಲು, ದೇವರ ಮುಂದೆಯೇ ತೆಗೆಯಬೇಕು, ಈ ಹೊತ್ತಿನಲ್ಲಿ ಮುಟ್ಟಿದರೆ ಇನ್ನೇನು ಕಾದಿದೆಯೋ ಎಂದು ತಾಯಿ ಬಿಟ್ಟಿರಲಿಲ್ಲವಂತೆ.

ತಲೆಯನ್ನು ಯಾರೂ ನೋಡಿರಲಿಲ್ಲ. ಕುಲಾಯಿ. ಬೇಲಿಯ ಮೇಲೆ ದಿನವೂ ಒಣಗುತ್ತಿದ್ದ ಆ ಕುಲಾಯಿ.

ಎದ್ದು ನೇರ ಒಳಗೆ ಹೋದಳು. ಮಗು ಸೂಜಿ ಚುಚ್ಚಿದ ಕೈ ಚೆಲ್ಲಿ, ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಕರೆದರೆ ಕಣ್ಣು ತೆರೆಯುತ್ತಿರಲಿಲ್ಲ. ತಲೆ ಬಾಚಲು ಹತ್ತೇ ನಿಮಿಷ ಕೊಡು ಎಂದಳು. ವಿದ್ಯಾವತಿ ಎರಡೂ ಕೈಯಿಂದ ಮಂಚವನ್ನು ಅಡ್ಡಗಟ್ಟಿದಳು. ಪುಂಡಲೀಕ ತಾಯಿಯ ರಟ್ಟೆ ಹಿಡಿದು, "ಅವ್ವಾ, ಈಗ ಬ್ಯಾಡ, ಹೊರಗ ನಡಿ," ಎಂದ.

ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲವೆಂದು ಕೆಂಚವ್ವನಿಗೆ ಗೊತ್ತಿತ್ತು. ಅವರನ್ನು ನಿಲ್ಲಿಸುವ ಮಾತು ಆಕೆಯ ಹತ್ತಿರ ಒಂದೇ ಇತ್ತು. ಅದನ್ನು ಆಡಿದರೆ ಈ ಮನೆಯಲ್ಲಿ ತನಗೆ ಜಾಗ ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ.

"ವಿದ್ಯಾ, ಇದು ನನ್ನ ಕೈಯಿಂದ ಬಂದದ್ದಲ್ಲವ್ವ. ಬೇಲಿಯಿಂದ ಬಂದದ್ದು. ನೀ ಅರಿವಿ ಒಣಹಾಕ್ತಿದ್ದೆಲ್ಲಾ, ಆ ಬೇಲಿ. ಅದರಾಗ ಏನಿರತೈತಿ ಅಂತ ನನಗ ಮೊದಲನೇ ದಿನಾನ ಗೊತ್ತಿತ್ತು. ನಿನಗ ಹೇಳ್ಲಿಲ್ಲ."

ವಿದ್ಯಾವತಿ ಮುಖವೆತ್ತಿ ನೋಡಿದಳು.

"ಯಾಕ ಹೇಳ್ಲಿಲ್ಲ?" ಎಂದು ಕೇಳಿದವನು ಪುಂಡಲೀಕ.

"ಸಿಟ್ಟಿತ್ತು," ಎಂದಳು ಕೆಂಚವ್ವ. "ಆಮ್ಯಾಲ ಬೇಕಾದಷ್ಟ ಬೈರಿ. ಈಗ ತಲಿ ಕೊಡ್ರಿ."

ಮಂಚ ಹಿಡಿದಿದ್ದ ಸೊಸೆಯ ಕೈ ತಾನಾಗಿ ಜಾರಿತು. ಬಿಟ್ಟುಕೊಟ್ಟಳು ಎನ್ನುವ ಹಾಗಿರಲಿಲ್ಲ.

ಹಣಿಗೆ ತಂದಿರಲಿಲ್ಲ. ಕೆಂಚವ್ವ ಮಂಚದ ತಲೆದೆಸೆಗೆ ಮೊಣಕಾಲೂರಿ, ಬೆವರಿನಿಂದ ಅಂಟಿಕೊಂಡ ಹುಟ್ಟುಗೂದಲನ್ನು ಎಳೆಎಳೆಯಾಗಿ ಬಿಡಿಸಿದಳು. ನೆತ್ತಿ, ಹಿಂದಲೆ, ಬಲಗಿವಿ. ಇಲ್ಲ. ಎಡಗಿವಿಯ ಹಿಂದೆ, ಕೂದಲು ಜಡೆಗಟ್ಟಿದಲ್ಲಿ, ಬೆರಳ ತುದಿಗೆ ಒರಟು ತಾಗಿತು. ಕೂದಲು ಸರಿಸಿ ಹಿಡಿದಳು. ಬೀಡಿಯಿಂದ ಸುಟ್ಟ ಹಾಗೆ, ಜೋಳದ ಕಾಳಿನಷ್ಟು, ಕರಿ ಹಕ್ಕಳೆ, ಸುತ್ತಲೂ ಕೆಂಪು.

ಪುಂಡಲೀಕ ಓಡಿದ. ಬಂದ ಕಿರಿಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಯಾರು ಹುಡುಕಿದ್ದು ಎಂದು ಕೇಳಿದ. ಇದು ನುಸಿಯ ಜ್ವರ, ಸ್ಕ್ರಬ್ ಟೈಫಸ್, ವರದಿಗೆ ಕಾಯುವುದು ಬೇಡ ಎಂದು ಆಗಲೇ ಔಷಧಿ ಬರೆದ. ತಡವಾಗಿದೆ, ಶ್ವಾಸಕೋಶಕ್ಕೆ ಇಳಿದಿದೆ, ಎರಡು ದಿನ ಏನೂ ಹೇಳಲಾಗದು ಎಂದೂ ಹೇಳಿದ.

ಆ ಎರಡು ದಿನ ಕೆಂಚವ್ವ ಮತ್ತೆ ಬೆಂಚಿನ ಮೇಲೆಯೇ. ಯಾರೂ ಹೊರಗೆ ಹೋಗು ಎಂದಿರಲಿಲ್ಲ, ಒಳಗೆ ಬಾ ಎಂದೂ ಅಂದಿರಲಿಲ್ಲ. ಮೊದಲ ದಿನ ಜ್ವರ ಹಾಗೇ ಇತ್ತು. ಮಧ್ಯಾಹ್ನ ಮಗುವಿನ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದರು. ಸುಮಿತಾಳ ಫೋನು ಬಂತು; ಸುದ್ದಿ ಕೇಳಿ, ಕೊಡುತ್ತಿರುವುದು ಸರಿಯಾದ ಔಷಧಿಯೇ ಎಂದಷ್ಟೇ ಹೇಳಿದಳು. ಪುಂಡಲೀಕ ಚಹಾ ತಂದುಕೊಟ್ಟ, ಮುಖ ನೋಡಲಿಲ್ಲ. ಕೆಂಚವ್ವ ತನ್ನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತಳು. ಊರ ಮಕ್ಕಳ ತಲೆ ನೋಡಿದ ಕೈ, ಕಾಡಿನ ಇಲಿಯ ಕಿವಿ ನೋಡಿದ ಕೈ. ಮನೆಯ ಹಿತ್ತಲಿನ ಬೇಲಿಯಿಂದ ಒಂದು ಕುಲಾಯಿ ತೆಗೆಯಲಾರದೆ ಹೋಯಿತು. ಎರಡು ತಿಂಗಳಲ್ಲಿ ಎಷ್ಟು ಸಲ ಆ ಬೇಲಿ ಹಾಯ್ದು ನೀರಿಗೆ ಹೋಗಿದ್ದಳೋ.

ಮೂರನೇ ದಿನ ಹತ್ತು ಗಂಟೆಯ ಸುಮಾರಿಗೆ ಬಾಗಿಲು ತೆರೆಯಿತು. ಎದೆಗವಚಿದ ಮಗುವಿನೊಂದಿಗೆ ವಿದ್ಯಾವತಿ ನಿಂತಿದ್ದಳು. ನಳಿಕೆ ತೆಗೆದಿದ್ದರು. ಮಗುವಿನ ತುಟಿ ಒಡೆದು, ಕಣ್ಣು ಗುಳಿಬಿದ್ದಿದ್ದರೂ ತೆರೆದಿತ್ತು. ಜ್ವರ ನೂರಕ್ಕೆ ಇಳಿದಿದೆ, ಔಷಧಿ ತರಲು ತಾನು ಕೆಳಗೆ ಹೋಗಬೇಕು, ಗಂಡ ಪಾಳಿಗೆಂದು ಊರಿಗೆ ಹೋಗಿದ್ದಾನೆ, ಕೂಸು ಒಂದೇ ಇರುವುದಿಲ್ಲ ಎಂದು ಎಲ್ಲೋ ನೋಡುತ್ತ ಹೇಳಿದಳು.

ಕೆಂಚವ್ವ ಎದ್ದು ನಿಂತಳು. ಅಭ್ಯಾಸಬಲದಿಂದ ಕೈಗಳು ಬೆನ್ನ ಹಿಂದೆ ಹೋಗಿದ್ದವು.

"ಕೈ ತೊಳಕೊಂಡೀರಿ?" ಎಂದು ಸೊಸೆ ಕೇಳಿದಳು.

"ತೊಳಕೊಂಡೇನಿ."

"ಇನ್ನೊಮ್ಮೆ ತೊಳಕೊಂಡ ಬರ್ರಿ."

ಕೆಂಚವ್ವ ಕಾರಿಡಾರಿನ ತುದಿಯ ನಲ್ಲಿಗೆ ಹೋದಳು. ಸಾಬೂನು ಹಚ್ಚಿ, ಉಗುರಿನ ಸಂದು, ಬೆರಳಿನ ಸಂದು, ಮೊಣಕೈವರೆಗೆ ತಿಕ್ಕಿದಳು. ತೊಳೆದಳು. ಮತ್ತೊಮ್ಮೆ ಹಚ್ಚಿ ತೊಳೆದಳು. ಸೆರಗಿಗೆ ಒರೆಸಿಕೊಳ್ಳದೆ, ನೀರು ತೊಟ್ಟಿಕ್ಕುವ ಎರಡೂ ಕೈಯನ್ನು ಮುಂದೆ ಹಿಡಿದುಕೊಂಡು ವಾರ್ಡಿನ ಬಾಗಿಲ ಕಡೆಗೆ ಬೇಗ ಬೇಗ ನಡೆದಳು.